ಎಫ್‌ಎಚ್ ದೋಷದ ಕಿಡ್ನಿ ಕ್ಯಾನ್ಸರ್: ಯಾವ ಜೋಡಿ ಔಷಧಿ?

ನಿಮ್ಮ ತಮ್ಮನ ಕಿಡ್ನಿ ಕ್ಯಾನ್ಸರಿಗೆ ಬೆವಾಸಿಜುಮ್ಯಾಬ್–ಎರ್ಲೋಟಿನಿಬ್ ಜೋಡಿ ಒಳ್ಳೆಯದೋ, ಕ್ಯಾಬೋಜಾಂಟಿನಿಬ್–ನಿವೊಲುಮ್ಯಾಬ್ ಜೋಡಿಯೋ ಅಂತ ಕೇಳಿದಿರಿ. ಅವನಿಗೆ ಹುಟ್ಟಿನಿಂದಲೇ ಎಫ್‌ಎಚ್ (ಫ್ಯೂಮರೇಟ್ ಹೈಡ್ರಟೇಸ್ ಎಂಬ ಕಿಣ್ವದ) ಜೀನಿನ ದೋಷ ಇದೆ ಅಂದಿರಿ. ಈ ಕ್ಯಾನ್ಸರ್ ಅಪರೂಪದ್ದು. ಗಡ್ಡೆ ಚಿಕ್ಕದಿರುವಾಗಲೇ ಹರಡಬಲ್ಲದು, ಹಾಗಾಗಿ ತಡ ಮಾಡಬೇಡಿ.

ಪುರಾವೆಯಲ್ಲಿ ಬೆವಾಸಿಜುಮ್ಯಾಬ್–ಎರ್ಲೋಟಿನಿಬ್ ಮುಂದಿದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಅದನ್ನು ಇದೇ ಕಾಯಿಲೆಯವರಿಗೆ ಕೊಟ್ಟು ನೋಡಿತು. 43 ಜನರಲ್ಲಿ ಸುಮಾರು 72% ಮಂದಿಯ ಗಡ್ಡೆ ಚೆನ್ನಾಗಿ ಕುಗ್ಗಿತು. ವಂಶದ ದೋಷವಿಲ್ಲದೆ ಪ್ಯಾಪಿಲರಿ ಎಂಬ ಬಗೆಯ ಕಿಡ್ನಿ ಕ್ಯಾನ್ಸರ್ ಬಂದವರ ಗುಂಪಿನಲ್ಲಿ ಅದು 35% ಮಾತ್ರ. ಜೀನ್ ಪರೀಕ್ಷೆ ಯಾಕೆ ಬೇಕು ಅನ್ನೋದು ಇಲ್ಲೇ ಗೊತ್ತಾಗುತ್ತೆ, ಅಲ್ವಾ? ಕ್ಯಾಬೋಜಾಂಟಿನಿಬ್–ನಿವೊಲುಮ್ಯಾಬ್ ಪ್ರಯೋಗದ 40 ಜನರಲ್ಲಿ ಅರ್ಧದಷ್ಟು ಮಂದಿಗೆ ಫಲ ಸಿಕ್ಕಿತು, ಆದರೆ ಎಫ್‌ಎಚ್ ದೋಷದವರು ಕೆಲವರೇ. ಎರಡು ಬೇರೆ ಪ್ರಯೋಗಗಳ ಅಂಕಿಯನ್ನು ಸುಮ್ನೆ ಪಕ್ಕಪಕ್ಕ ಇಡಬೇಡಿ.

ತೊಂದರೆಗಳು? ಮೊದಲನೆಯದರಲ್ಲಿ ಮೊಡವೆಯಂಥ ಗುಳ್ಳೆ, ಭೇದಿ, ಬಿಪಿ ಏರಿಕೆ, ಮೂತ್ರದಲ್ಲಿ ಪ್ರೋಟೀನ್. ಎರಡನೆಯದರಲ್ಲಿ ಅಂಗೈ-ಅಂಗಾಲು ಉರಿ, ಜೊತೆಗೆ ಥೈರಾಯ್ಡ್, ಕರುಳು, ಶ್ವಾಸಕೋಶದ ಉರಿಯೂತ.

ಖರ್ಚಿನಲ್ಲಿ ಮೊದಲನೆಯದೇ ಹಗುರ. ಬೆಂಗಳೂರಿನ ಬಯೋಕಾನ್ 2017ರಲ್ಲೇ ಬೆವಾಸಿಜುಮ್ಯಾಬ್‌ನ ಬಯೋಸಿಮಿಲರ್ (ಮೂಲ ಔಷಧಿಗೆ ಸಮನಾದ ರೂಪ) ತಂದಿದೆ.

ಬಿಪಿ ಹಿಡಿತದಲ್ಲಿದ್ದರೆ, ರಕ್ತಸ್ರಾವದ ಭಯವಿಲ್ಲದಿದ್ದರೆ ನಾನು ಮೊದಲನೆಯದನ್ನೇ ಡಾಕ್ಟರ ಮುಂದಿಡುತ್ತೇನೆ. ಅದು ಕೈಕೊಟ್ಟಿದ್ದರೆ, ಆಟೋಇಮ್ಯೂನ್ ಕಾಯಿಲೆಯೂ (ರೋಗನಿರೋಧಕ ಶಕ್ತಿ ತನ್ನ ದೇಹವನ್ನೇ ಕಾಡುವಂಥದ್ದು) ಇಲ್ಲದಿದ್ದರೆ ಎರಡನೆಯದನ್ನು ಕೇಳಿ. ಈ ದೋಷ ವಂಶದಲ್ಲಿ ಬರುವುದರಿಂದ ನೀವೂ ಜೀನ್ ಪರೀಕ್ಷೆ ಮಾಡಿಸಿಕೊಳ್ಳಿ.