ಪ್ಯಾಕೆಟ್ ದೋಸೆ ಹಿಟ್ಟು, ರೆಡಿ ಚಪಾತಿ, ತುರಿದ ಕಾಯಿ: ಶಿವಮೊಗ್ಗದ ಅಂಗಡಿಯಿಂದ ಯಾವುದನ್ನು ತರಬಹುದು, ಯಾವುದು ಬೇಡ

ದೋಸೆ ಹುಯ್ಯುವುದು ಕಾಲು ಗಂಟೆಯ ಕೆಲಸ. ಆ ಕಾಲು ಗಂಟೆಗಾಗಿ ಹಿಂದಿನ ದಿನ ಮಧ್ಯಾಹ್ನವೇ ಅಕ್ಕಿ, ಉದ್ದು ನೆನೆಯಬೇಕು, ಸಂಜೆ ಗ್ರೈಂಡರ್ ತಿರುಗಬೇಕು, ರಾತ್ರಿಯಿಡೀ ಹಿಟ್ಟು ಬೆಚ್ಚಗೆ ಕೂತಿರಬೇಕು. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ಹಾಕಿ ಸಂಜೆ ಆರೂವರೆಗೆ ತೆಗೆಯುವ ಮನೆಯಲ್ಲಿ ಆ ಮಧ್ಯಾಹ್ನವೇ ಇಲ್ಲ. ವಿನೋಬನಗರ, ಗೋಪಾಳ, ಸವಳಂಗ ರಸ್ತೆಯ ಕಡೆಯ ಅಂಗಡಿಗಳ ಫ್ರಿಜ್ಜಿನಲ್ಲಿ ಹಾಲಿನ ಪಕ್ಕಕ್ಕೆ ಹಿಟ್ಟಿನ ಪ್ಯಾಕೆಟ್ ಬಂದು ಕೂತದ್ದು ಆ ಜಾಗ ತುಂಬಲಿಕ್ಕೆ. ಒಲೆ ಮುಂದಿನ ಕೆಲಸ ಈಗಲೂ ಮನೆಯಲ್ಲೇ ನಡೆಯುತ್ತದೆ, ಅದಕ್ಕೂ ಮೊದಲಿನ ಕೆಲಸ ಅಂಗಡಿಗೆ ಹೋಗಿದೆ.

ಹಾಗೆ ಹೋದದ್ದಕ್ಕೆ ಯಾರನ್ನೂ ಸೋಮಾರಿ ಎನ್ನುವುದು ನ್ಯಾಯವಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇದು ಆ ಕೆಲಸ ಮಾಡುವವರ ಲೆಕ್ಕ, ಮಾಡದವರನ್ನು ಇದರಲ್ಲಿ ಸೇರಿಸಿಲ್ಲ. ಐದು ವರ್ಷ ಮೊದಲು, 2019ರಲ್ಲಿ, ಹೆಂಗಸರ ಲೆಕ್ಕ 299 ನಿಮಿಷ ಇತ್ತು. ಇಳಿದ ಹತ್ತು ನಿಮಿಷವನ್ನು ಗಂಡಸರು ಹೊತ್ತಿಲ್ಲ, ಅವರ ಲೆಕ್ಕವೂ 97ರಿಂದ ಇಳಿದಿದೆ. ಖರ್ಚಿನ ಕಡೆ ನೋಡಿದರೂ ಕಥೆ ಅದೇ. 2022-23ರ ಗೃಹಬಳಕೆ ವೆಚ್ಚ ಸಮೀಕ್ಷೆಯಲ್ಲಿ ದೇಶದ ನಗರದ ಮನೆಗಳು ತಿಂಗಳ ಖರ್ಚಿನ ಶೇ 3.64ರಷ್ಟನ್ನು ಧಾನ್ಯಕ್ಕೆ ಕೊಟ್ಟರೆ, ಪಾನೀಯ, ತಿಂಡಿ, ಸಿದ್ಧ ಆಹಾರಕ್ಕೆ ಶೇ 10.64ರಷ್ಟನ್ನು ಕೊಟ್ಟಿವೆ. ಹಳ್ಳಿಗಳಲ್ಲೂ ಶೇ 4.91ಕ್ಕೆ ಎದುರಾಗಿ ಶೇ 9.62.

ಇನ್ನು ಹಿಟ್ಟಿನ ವಿಚಾರ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ. ಒಂದು, ಕಂಪನಿಗಳ ಮುದ್ರಿತ ಪ್ಯಾಕೆಟ್. ಈ ವ್ಯಾಪಾರವನ್ನು 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಡಿ ಫ್ರೆಶ್ ದೊಡ್ಡದು ಮಾಡಿತು. 2024ರ ಡಿಸೆಂಬರಿನಲ್ಲಿ ಕೆಎಂಎಫ್ ಕೂಡ ಹಾಲೊಡಕಿನ ಪ್ರೋಟೀನ್ ಬೆರೆಸಿದ ನಂದಿನಿ ಇಡ್ಲಿ-ದೋಸೆ ಹಿಟ್ಟನ್ನು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿತು, 450 ಮತ್ತು 900 ಗ್ರಾಂ ಪ್ಯಾಕೆಟ್ಟಿನಲ್ಲಿ. ಇನ್ನೊಂದು, ಊರಿನಲ್ಲೇ ರುಬ್ಬಿ ಬಿಳಿ ಕವರಿಗೆ ತುಂಬಿ ಮಾರುವ ಹಿಟ್ಟು. ಎರಡನೆಯದರ ರುಚಿ ಹಲವು ಸಲ ಮೇಲು, ಯಾಕೆಂದರೆ ಅದು ಹಿಂದಿನ ದಿನವಷ್ಟೇ ರುಬ್ಬಿದ್ದು. ಆದರೆ ಕವರಿನ ಮೇಲೆ ತಯಾರಿಸಿದ ದಿನಾಂಕ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನಂಬರು ಇಲ್ಲದಿದ್ದರೆ ಎಷ್ಟೇ ಪರಿಚಯದ ಅಂಗಡಿಯಾದರೂ ಬೇಡ. ಹಿಟ್ಟು ಕೆಟ್ಟರೆ ಕೇಳಲು ವಿಳಾಸವಾದರೂ ಇರಬೇಕು.

ದುಡ್ಡಿನ ಲೆಕ್ಕ ಹೀಗೆ. ಒಂದು ಕೆ.ಜಿ. ಹಿಟ್ಟಿನಲ್ಲಿ ಸುಮಾರು 400 ಗ್ರಾಂ ಧಾನ್ಯ, ಉಳಿದದ್ದು ನೀರು. ಮೂರಕ್ಕೆ ಒಂದರ ಅಳತೆಯಲ್ಲಿ 300 ಗ್ರಾಂ ಅಕ್ಕಿ, 100 ಗ್ರಾಂ ಉದ್ದು, ಅರ್ಧ ಚಮಚ ಮೆಂತೆ. ಅಕ್ಕಿಗೆ ಕೆ.ಜಿ.ಗೆ 50 ರೂಪಾಯಿ, ಉದ್ದಿಗೆ 140 ಎಂದು ಹಿಡಿದರೆ ಮನೆಯಲ್ಲಿ 29 ರೂಪಾಯಿ, ಮೇಲೆ ಒಂದಿಷ್ಟು ಕರೆಂಟು. ಪ್ಯಾಕೆಟ್ಟಿಗೆ ಇದರ ಎರಡು ಮೂರು ಪಟ್ಟು ಬೀಳುತ್ತದೆ. ಇದರಲ್ಲಿ ಮಾಡಿದರೆ ಹನ್ನೆರಡು ಹದಿಮೂರು ದೋಸೆ, ಇಲ್ಲವೇ ಇಪ್ಪತ್ತು ಇಡ್ಲಿ. ಹೆಚ್ಚಿಗೆ ಕೊಟ್ಟ ದುಡ್ಡು ರುಬ್ಬುವ ಅರ್ಧ ಮುಕ್ಕಾಲು ಗಂಟೆಗೂ ಕಲ್ಲು ತೊಳೆಯುವ ಕಾಲು ಗಂಟೆಗೂ ಹೋಗುತ್ತದೆ. ಇಬ್ಬರು ಮೂವರ ಮನೆಗೆ ಇದು ದುಬಾರಿಯಲ್ಲ. ಎರಡು ಲೀಟರಿನ ಗ್ರೈಂಡರಿಗೆ 100 ಗ್ರಾಂ ಉದ್ದು ಹಾಕಿದರೆ ಅದು ಕಲ್ಲಿಗೆ ಸಿಗದೆ ಅಂಚಿಗೆ ಹತ್ತಿಕೊಂಡು ಕೂರುತ್ತದೆ. ಆಮೇಲೆ ವಾರಕ್ಕಾಗುವಷ್ಟು ರುಬ್ಬಬೇಕಾಗುತ್ತದೆ, ನಾಲ್ಕನೇ ದಿನಕ್ಕೆ ಹುಳಿ ತಡೆಯಲಾಗುವುದಿಲ್ಲ. ಐದಾರು ಜನರಿರುವ ಮನೆಗೆ ಮಾತ್ರ ಪ್ಯಾಕೆಟ್ ನಷ್ಟವೇ.

ಪ್ಯಾಕೆಟ್ ನಿಜವಾಗಿ ಗೆಲ್ಲುವುದು ಮಳೆಗಾಲದಲ್ಲಿ. ಹಿಟ್ಟು ಉಬ್ಬುವುದು ಉದ್ದಿನಲ್ಲೂ ಅಕ್ಕಿಯಲ್ಲೂ ಮೊದಲೇ ಇರುವ ಸೂಕ್ಷ್ಮಜೀವಿಗಳಿಂದ. ಅವು ಸಕ್ಕರೆ ತಿಂದು ಹುಳಿಯನ್ನೂ ಗಾಳಿಯನ್ನೂ ಬಿಡುತ್ತವೆ, ಉದ್ದಿನ ಲೋಳೆ ಆ ಗಾಳಿಯನ್ನು ಹಿಡಿದಿಡುತ್ತದೆ. 28ರಿಂದ 32 ಡಿಗ್ರಿ ಶಾಖ ಇದ್ದರೆ ಎಂಟು ಹತ್ತು ಗಂಟೆ ಸಾಕು. ಆರಿದ್ರಾ ಮಳೆಯಿಂದ ಆಶ್ಲೇಷದ ತನಕ ತೀರ್ಥಹಳ್ಳಿ, ಹೊಸನಗರದ ಅಡುಗೆಮನೆ ರಾತ್ರಿ ಥಂಡಿ ಹಿಡಿದು ಕೂತಿರುತ್ತದೆ, ಹದಿನಾರು ಗಂಟೆ ಕಳೆದರೂ ಹಿಟ್ಟು ಏಳುವುದಿಲ್ಲ. ಅದಕ್ಕೇ ಹಿಂದೆ ಪಾತ್ರೆಗೆ ಕಂಬಳಿ ಸುತ್ತಿ ಬಚ್ಚಲ ಹಂಡೆಯ ಪಕ್ಕ ಇಡುತ್ತಿದ್ದದ್ದು. ಗೀಸರ್ ಬಂದ ಮನೆಯಲ್ಲಿ ಆ ಬಿಸಿ ಮೂಲೆಯೂ ಇಲ್ಲ. ಜೊತೆಗೆ ರುಬ್ಬುವ ಹೊತ್ತಿಗೇ ಕರೆಂಟು ಹೋಗುವುದುಂಟು.

ಕೊಳ್ಳುವಾಗ ಕೈಯಲ್ಲಿ ಹಿಡಿದು ನೋಡಿ. ಪ್ಯಾಕೆಟ್ ಸ್ವಲ್ಪ ಉಬ್ಬಿರುವುದು ಸಹಜ, ಒಳಗೆ ಜೀವ ಇದೆ ಎಂದೇ ಅರ್ಥ. ಡೋಲಿನಂತೆ ಬಿಗಿದಿದ್ದು, ಮೇಲೆ ನೀರು ಬೇರೆಯಾಗಿ ನಿಂತಿದ್ದರೆ ಅದು ತಣ್ಣಗೆ ಇರದೆ ಎಲ್ಲೋ ಬಿಸಿಗೆ ಕೂತು ಬಂದದ್ದು. ಕತ್ತರಿಸಿದಾಗ ಹುಳಿಯ ಬದಲು ಹೆಂಡದಂಥ ವಾಸನೆ ಬಂದರೆ, ಗುಲಾಬಿ ಅಥವಾ ಕಪ್ಪು ಚುಕ್ಕೆ ಕಂಡರೆ ಪೂರ್ತಿ ಎಸೆಯಬೇಕು, ಮೇಲಿನದಷ್ಟನ್ನು ತೆಗೆದರೆ ಸಾಲದು. ತಯಾರಿಸಿ ಮೂರು ದಿನ ದಾಟದ್ದನ್ನೇ ಆರಿಸಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೋ ಸಾಗರಕ್ಕೋ ಬಸ್ಸಿನಲ್ಲಿ ಒಯ್ಯುವವರು ಮಾರ್ಚ್, ಏಪ್ರಿಲ್‌ನಲ್ಲಿ ಚೀಲಕ್ಕೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯೊಂದನ್ನು ಹಾಕಿಕೊಳ್ಳಲಿ.

ಬಿಳಿ ಕವರಿನ ಹಿಟ್ಟಿನಲ್ಲಿ ನೋಡಬೇಕಾದ ಇನ್ನೊಂದು ವಿಷಯ ಸೋಡ. ಹುಳಿ ಬರುವಷ್ಟು ಕಾಯದೆ ಸೋಡ ಹಾಕಿ ಉಬ್ಬಿಸಿದರೆ ಹಿಟ್ಟಿಗೆ ಹುಳಿ ವಾಸನೆ ಇರುವುದಿಲ್ಲ, ಬೆಂದ ಇಡ್ಲಿಯಲ್ಲಿ ಅಲ್ಲಲ್ಲಿ ಹಳದಿ ಕಲೆ, ನಾಲಿಗೆಗೆ ಸೋಪಿನ ಒಗರು. ಒಂದು ಸಲ ಹೀಗಾದರೆ ಅಂಗಡಿಯವರಿಗೆ ಹೇಳಿ. ಹೇಳಿದರೆ ರುಬ್ಬುವವರಿಗೂ ಮುಟ್ಟುತ್ತದೆ, ಇಂಥ ಸಣ್ಣ ವ್ಯಾಪಾರದಲ್ಲಿ ಆ ಮಾತಿಗೆ ಬೆಲೆ ಇದೆ.

ಒಂದೇ ಪ್ಯಾಕೆಟ್ಟಿನಲ್ಲಿ ‘ಇಡ್ಲಿ-ದೋಸೆ’ ಎರಡೂ ಎಂದಿರುತ್ತದೆ. ಇಡ್ಲಿಗೆ ಅಕ್ಕಿ ತರಿಯಾಗಿರಬೇಕು, ದೋಸೆಗೆ ನುಣ್ಣಗಿರಬೇಕು. ಎರಡಕ್ಕೂ ಆಗುವ ಹಿಟ್ಟು ನಡುವೆ ನಿಲ್ಲುತ್ತದೆ, ಹಾಗಾಗಿ ಇಡ್ಲಿ ಸಾಧಾರಣ, ದೋಸೆ ಚೆನ್ನ. ಒಡೆದ ದಿನವೇ ಇಡ್ಲಿ ಮಾಡಿ ಮುಗಿಸಿ, ಅದೂ ಸೌಟಿನಿಂದ ಕಲಕದೆ, ಮೇಲಿನಿಂದ ಮೆಲ್ಲಗೆ ತೆಗೆದು ತಟ್ಟೆಗೆ ಹಾಕಿ. ಕಲಕಿದರೆ ಗಾಳಿ ಹೋಗಿ ಇಡ್ಲಿ ಚಪ್ಪಟೆ ಕಲ್ಲಾಗುತ್ತದೆ. ಮಾರನೇ ದಿನ ದೋಸೆ. ಮೂರನೇ ದಿನ ಉಳಿದದ್ದಕ್ಕೆ ಈರುಳ್ಳಿ, ಹಸಿಮೆಣಸು, ಕರಿಬೇವು ಹಾಕಿ ಪಡ್ಡು. ಪಾತ್ರೆಗೆ ಸುರಿದದ್ದನ್ನು ಮತ್ತೆ ಪ್ಯಾಕೆಟ್ಟಿಗೆ ತುಂಬಬಾರದು. ಉಪ್ಪು ಮೊದಲೇ ಹಾಕಿದೆಯೋ ಇಲ್ಲವೋ ಎಂದು ಓದಿಕೊಳ್ಳಿ. ಕೆಲವರು ಹಾಕಿರುತ್ತಾರೆ, ಕೆಲವರು ಇಲ್ಲ.

ದೋಸೆ ಕಾವಲಿಗೆ ಹತ್ತಿಕೊಂಡರೆ ಹಿಟ್ಟನ್ನೇ ದೂರಬೇಕಿಲ್ಲ. ಫ್ರಿಜ್ಜಿನಿಂದ ತೆಗೆದ ಹಿಟ್ಟನ್ನು ಹಾಗೇ ಹುಯ್ದರೆ ಕಾವಲಿ ತಣ್ಣಗಾಗಿ ಹತ್ತುತ್ತದೆ. ಮುಕ್ಕಾಲು ಗಂಟೆ ಮೊದಲೇ ಹೊರಗಿಡಿ. ಬಣ್ಣ ಬರದೆ ಬಿಳಿಚಿಕೊಂಡರೆ ಹಿಟ್ಟು ಹುಳಿ ಜಾಸ್ತಿಯಾಗಿ ಸಕ್ಕರೆ ಖಾಲಿಯಾಗಿದೆ, ಅರ್ಧ ಚಮಚ ಸಕ್ಕರೆ ಕಲಸಿದರೆ ಕೆಂಪಗಾಗುತ್ತದೆ. ತೂತು ಬೀಳದಿದ್ದರೆ ಅದರ ತಿರುಗುಮುರುಗು: ಹಿಟ್ಟು ಇನ್ನೂ ಎಳೆಯದು, ಎರಡು ಮೂರು ಗಂಟೆ ಹೊರಗಿರಲಿ. ಒಂದು ಹನಿ ಹಿಟ್ಟನ್ನು ನೀರಿಗೆ ಬಿಟ್ಟಾಗ ತೇಲಿದರೆ ಹದ ಬಂದಿದೆ.

ಹಿಟ್ಟನ್ನು ಹೀಗೆ ಒಪ್ಪಬಹುದು. ತುರಿದ ಕಾಯಿಯ ಪ್ಯಾಕೆಟ್ ಒಪ್ಪುವಂಥದ್ದಲ್ಲ. ಹಸಿ ತುರಿ ಬೇಗ ಜಿಡ್ಡುವಾಸನೆಗೆ ತಿರುಗುತ್ತದೆ, ಒಣಗಿಸಿದ ತುರಿಯಿಂದ ತರಕಾರಿ ಹುಳಿಗೆ ಬೇಕಾದ ಕಾಯಿಹಾಲು ಬರುವುದಿಲ್ಲ. ಭಾನುವಾರ ಎರಡು ಕಾಯಿ ಒಡೆದು ತುರಿದು, ಒಂದೊಂದು ದಿನಕ್ಕಾಗುವಷ್ಟನ್ನು ಸಣ್ಣ ಡಬ್ಬಿಗಳಲ್ಲಿ ಫ್ರೀಜರಿಗೆ ಹಾಕಿದರೆ ವಾರ ಕಳೆಯುತ್ತದೆ. ಕಾಂಡಿಮೆಂಟ್ಸ್ ಅಂಗಡಿಗಳ ಸಾರಿನ ಪುಡಿ, ಚಟ್ನಿಪುಡಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ, ಚೆನ್ನಾಗಿವೆ. ಆದರೆ ಆ ಪುಡಿಯಲ್ಲಿ ಸಾರಾಗುತ್ತದೆ, ಹುಳಿಯಾಗುವುದಿಲ್ಲ. ಹುಳಿಗೆ ಹುರಿದ ಮಸಾಲೆಯನ್ನು ಕಾಯಿಯ ಜೊತೆ ಅವತ್ತೇ ರುಬ್ಬಬೇಕು.

ಅರೆಬೆಂದ ಚಪಾತಿಯ ಪ್ಯಾಕೆಟ್ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ಹೆಚ್ಚು ತೂಕದ್ದು ಮೊದಲು ಬರುವುದು ನಿಯಮ, ಮೈದಾ ಮೊದಲಿದ್ದರೆ ಅದು ಮೈದಾ ಚಪಾತಿಯೇ. 2025ರ ಸೆಪ್ಟೆಂಬರ್ 22ರಿಂದ ಚಪಾತಿ, ಪರೋಟಗಳಿಗೆ ಜಿಎಸ್‌ಟಿ ಇಲ್ಲ, ಬಿಲ್ಲಿನಲ್ಲಿ ಇದ್ದರೆ ಕೇಳಿ.

ಮಲೆನಾಡಿಗೆ ಸಂಕಟ ಇರುವುದು ಬೇರೆ ಕಡೆ. ಇಲ್ಲಿಯ ಬೆಳಗಿನ ತಿಂಡಿ ಹೆಚ್ಚಿನದು ಹುಳಿ ಬರಿಸದ ಅಕ್ಕಿಯದು: ಅಕ್ಕಿ ರೊಟ್ಟಿ, ಕಡುಬು, ನೀರು ದೋಸೆ. ಇವು ಪ್ಯಾಕೆಟ್ಟಿಗೆ ಒಗ್ಗುವುದಿಲ್ಲ. ಗೋಧಿಯಲ್ಲಿ ಅಂಟು ಇದೆ, ಚಪಾತಿ ಎರಡು ದಿನ ಮೆತ್ತಗಿರುತ್ತದೆ. ಬೆಂದ ಅಕ್ಕಿಯ ಪಿಷ್ಟ ತಣ್ಣಗಾಗುತ್ತಲೇ ಗಟ್ಟಿಯಾಗುತ್ತದೆ, ಫ್ರಿಜ್ಜಿನಲ್ಲಿ ಇನ್ನೂ ಬೇಗ. ಬೆಳಿಗ್ಗೆಯ ರೊಟ್ಟಿ ಸಂಜೆಗೆ ಹಪ್ಪಳವಾಗುವುದು ಅದಕ್ಕೇ. ತಂಬುಳಿಯಂತೂ ಹಸಿ ಕಾಯಿ, ಮಜ್ಜಿಗೆಯದು, ಕೆಲವೇ ಗಂಟೆಯ ಆಯುಸ್ಸು. ಪ್ಯಾಕೆಟ್ಟಿಗೆ ಒಗ್ಗಿದ್ದು ವಾರದ ಪಟ್ಟಿಯಲ್ಲಿ ಉಳಿಯುತ್ತದೆ, ಒಗ್ಗದ್ದು ಭಾನುವಾರಕ್ಕೆ, ಆಮೇಲೆ ಹಬ್ಬಕ್ಕೆ ಸರಿಯುತ್ತದೆ. ದೋಸೆ ಹಿಟ್ಟು ಸುಲಭವಾಗಿ ಸಿಕ್ಕ ಕಾರಣಕ್ಕೆ ಅಕ್ಕಿ ರೊಟ್ಟಿ ತಪ್ಪಿಹೋಗುವುದು ದುಃಖದ ವಿಷಯ, ಯಾಕೆಂದರೆ ರೊಟ್ಟಿಗೆ ಹಿಂದಿನ ರಾತ್ರಿಯ ಕೆಲಸವೇ ಇಲ್ಲ. ನೀರು ದೋಸೆಗೂ ಹೆಚ್ಚಿನ ಕೆಲಸವಿಲ್ಲ, ಅಕ್ಕಿಯನ್ನು ರಾತ್ರಿ ಮಲಗುವಾಗ ನೆನೆಹಾಕಿದರೆ ಬೆಳಿಗ್ಗೆ ಮಿಕ್ಸಿಯಲ್ಲಿ ಐದು ನಿಮಿಷ.

ಅರೆತಯಾರಿ ಅಡುಗೆ ಮಲೆನಾಡಿಗೆ ಹೊಸದೂ ಅಲ್ಲ. ಮಳೆಗಾಲದಲ್ಲಿ ಮಾರುಕಟ್ಟೆಗೆ ಬರುವ ಹೆಚ್ಚಿದ ಕಳಲೆ (ಬಿದಿರಿನ ಎಳೆ ಮೊಳಕೆ) ಅಂಥದ್ದೇ, ಇಲ್ಲಿ ಹೇಳಿದ ಎಲ್ಲದರಲ್ಲಿ ಕೊಟ್ಟ ದುಡ್ಡಿಗೆ ಅತಿ ಹೆಚ್ಚು ಕೆಲಸ ಉಳಿಸುವುದು ಅದೇ. ಹಸಿ ಕಳಲೆಯಲ್ಲಿ ಸಯನೈಡ್ ಬಿಡುವ ವಿಷದ ಅಂಶ ಇರುತ್ತದೆ, ಅದಕ್ಕೇ ಹೆಚ್ಚಿ, ದಿನಾ ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಿ, ಬೇಯಿಸಿ ನೀರು ಚೆಲ್ಲುವುದು. ಮಾರುವವರನ್ನು ‘ಎಷ್ಟನೇ ದಿನದ್ದು ಅಮ್ಮಾ, ನೀರು ಬದಲಿಸಿದ್ದೀರಾ’ ಎಂದು ಕೇಳಿ. ಒಂದೇ ದಿನದ್ದಾದರೆ ಮನೆಯಲ್ಲಿ ಇನ್ನೆರಡು ದಿನ ನೀರಿನಲ್ಲಿಡಬೇಕು.

ಕಡುಬನ್ನು ಮಾತ್ರ ಒಂದು ಉಪಾಯದಿಂದ ವಾರದ ಮಧ್ಯಕ್ಕೆ ತರಬಹುದು. ಒಂದು ಲೋಟ ಅಕ್ಕಿ ತರಿಗೆ ಎರಡೂಕಾಲು ಲೋಟ ಕುದಿವ ನೀರು, ಉಪ್ಪು. ಗಂಟಾಗದಂತೆ ತಿರುವಿ ಮುದ್ದೆಯಾಗಿಸಿ, ಬಿಸಿ ಇರುವಾಗಲೇ ಉಂಡೆ ಕಟ್ಟಿ ಹಬೆಯಲ್ಲಿ 15 ನಿಮಿಷ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮಾರನೇ ದಿನ ಮತ್ತೆ ಹತ್ತು ನಿಮಿಷ ಹಬೆ ಕೊಟ್ಟರೆ ಗಟ್ಟಿಯಾದ ಪಿಷ್ಟ ಸಡಿಲಾಗಿ ಹೊಸದರಂತೆ ಮೆತ್ತಗಾಗುತ್ತದೆ. ಮೈಕ್ರೋವೇವಿನಲ್ಲಿ ಹಾಗೇ ಇಟ್ಟರೆ ರಬ್ಬರಾಗುತ್ತದೆ, ಒದ್ದೆ ಬಟ್ಟೆ ಮುಚ್ಚಲೇಬೇಕು.

ರೊಟ್ಟಿಗೆ ಹೊರಗಿನಿಂದ ತರಬೇಕಾದದ್ದು ಅಕ್ಕಿ ಹಿಟ್ಟೊಂದೇ, ಅದೂ ಬಡಾವಣೆಯ ಗಿರಣಿಯಿಂದ. ಒಂದು ಲೋಟ ನೀರು ಉಪ್ಪಿನ ಜೊತೆ ಕುದ್ದ ಮೇಲೆ ಒಂದು ಲೋಟ ಹಿಟ್ಟು ಸುರಿದು, ಸಣ್ಣ ಉರಿಯಲ್ಲಿ ಎರಡು ನಿಮಿಷ ಮುಚ್ಚಿ, ಬಿಸಿಯಲ್ಲೇ ನಾದಬೇಕು. ರಾತ್ರಿಯ ಅನ್ನ ಉಳಿದಿದ್ದರೆ ಒಂದು ಹಿಡಿ ಸೇರಿಸಿ ನಾದಿ, ರೊಟ್ಟಿ ಮಧ್ಯಾಹ್ನದ ಡಬ್ಬಿಯ ತನಕ ಮೆತ್ತಗಿರುತ್ತದೆ. ಗಿರಣಿಯಲ್ಲಿ ಹಿಟ್ಟು ಬೀಸಿದ ದಿನ ಕೇಳಿಕೊಂಡೇ ತನ್ನಿ. ಹಳೆಯ ಹಿಟ್ಟಿನ ರೊಟ್ಟಿ ಲಟ್ಟಿಸುವಾಗಲೇ ಅಂಚಿನಲ್ಲಿ ಬಿರಿಯುತ್ತದೆ, ಕೆಂಡದ ಮೇಲೆ ಹಾಕಿದರೂ ಉಬ್ಬುವುದಿಲ್ಲ.