ಮೀನು ಹೊಂಡಕ್ಕೆ ಕೋಪರ್ನಿಕಸ್ ಬ್ರೌಸರ್: ಎರಡು ವರ್ಷ ಬಳಸಿದ ಅನುಭವ

ಸಿಂಧನೂರು ಹತ್ತಿರ ನಮ್ಮದು ನಾಲ್ಕೆಕರೆ ಮೀನು ಹೊಂಡ. ಕಾಟ್ಲಾ, ರೋಹು ಸಾಕುತ್ತೇವೆ. ನೀರು ತುಂಗಭದ್ರಾ ಎಡದಂಡೆ ಕಾಲುವೆಯದು. ಒಂದು ಬೇಸಿಗೆಯಲ್ಲಿ ನೀರು ಹಸಿರುಗಟ್ಟಿತು. ಮೀನಿಗೆ ಒಳ್ಳೆಯದೇ ಅಲ್ವಾ ಅಂತ ಸುಮ್ಮನಿದ್ದೆವು. ಕೆಲವೇ ದಿನದಲ್ಲಿ, ನಸುಕಿನಲ್ಲಿ ಹೋಗಿ ನೋಡಿದರೆ ದಂಡೆಯುದ್ದಕ್ಕೂ ಸತ್ತ ಮೀನು. ಹಗಲು ಆಮ್ಲಜನಕ ಬಿಡುವ ಪಾಚಿ ರಾತ್ರಿ ಅದನ್ನೇ ಹೀರುತ್ತದೆ. ಪಾಚಿ ಜಾಸ್ತಿಯಾದರೆ ಬೆಳಗಿನ ಜಾವ ಮೀನಿಗೆ ಉಸಿರೇ ಸಿಗುವುದಿಲ್ಲ.

ಆ ಹೆದರಿಕೆಗೆ ಮುಂದೆ ದಿನಾ ರಾತ್ರಿ ಏರೇಟರ್ (ನೀರಿಗೆ ಗಾಳಿ ಬೆರೆಸುವ ಯಂತ್ರ) ಓಡಿಸಿದೆವು. ಡೀಸೆಲ್ ಖರ್ಚಿಗೆ ಲಾಭವೆಲ್ಲ ಹೋಯಿತು.

ಆಮೇಲೆ ಸಿಕ್ಕಿದ್ದು ಕೋಪರ್ನಿಕಸ್ ಬ್ರೌಸರ್ ಎಂಬ ವೆಬ್‌ಸೈಟ್. ಅದರಲ್ಲಿ ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ನೋಡಬಹುದು, ಪೂರ್ತಿ ಉಚಿತ. ಮೊದಲನೆಯದು 2015ರಲ್ಲಿ, ಎರಡನೆಯದು 2017ರಲ್ಲಿ ಹಾರಿತು. ಸುಮಾರು ಐದು ದಿನಕ್ಕೊಮ್ಮೆ ನಮ್ಮ ಹೊಂಡದ ಹೊಸ ಚಿತ್ರ ಬರುತ್ತದೆ. ಪಾಚಿ ಕೆಂಪು ಬೆಳಕನ್ನು ಹೀರಿ, ಅದರ ಪಕ್ಕದ ಬೆಳಕನ್ನು ವಾಪಸ್ ಕಳಿಸುತ್ತದೆ. ಎರಡನ್ನೂ ಹೋಲಿಸಿದರೆ ಪಾಚಿ ಏರುತ್ತಿರುವುದು ಗೊತ್ತಾಗುತ್ತದೆ. ಏರಿದರೆ ಮೇವು, ಸಗಣಿ ಗೊಬ್ಬರ ನಿಲ್ಲಿಸುತ್ತೇವೆ, ಆ ವಾರ ಮಾತ್ರ ರಾತ್ರಿ ಏರೇಟರ್ ಹಾಕುತ್ತೇವೆ. ನನಗೆ ದುಡ್ಡು ಉಳಿದಿದ್ದು ಇಲ್ಲೇ. ಚಿತ್ರ ನೋಡಿ ಮಾಡುವ ಕೆಲಸ ಬದಲಾಗದಿದ್ದರೆ ಅದಕ್ಕೆ ಬೆಲೆಯೇ ಇಲ್ಲ.

ಸಮುದ್ರದಲ್ಲೂ ಇದೇ ಲೆಕ್ಕ. ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಉಪಗ್ರಹ ಕಂಡ ನೀರಿನ ಹಸಿರು, ಬಿಸಿ ನೋಡಿ ಮೀನು ಎಲ್ಲಿ ಸಿಗಬಹುದು ಎಂದು ದೋಣಿಯವರಿಗೆ ತಿಳಿಸುತ್ತದೆ. ಸುಮ್ನೆ ಅಲೆಯುವ ಡೀಸೆಲ್ ಉಳಿಯುತ್ತದೆ.

ಇದರ ಮಿತಿಯನ್ನೂ ಹೇಳಲೇಬೇಕು. ಪಾಚಿ ನೋಡುವ ಆ ಬೆಳಕಿನಲ್ಲಿ ಚಿತ್ರದ ಒಂದೊಂದು ಚೌಕ ನೆಲದ ಮೇಲೆ 20 ಮೀಟರ್ ಉದ್ದ, 20 ಮೀಟರ್ ಅಗಲ. ನಾಲ್ಕೆಕರೆಗೆ ಹೆಚ್ಚೆಂದರೆ 40 ಚೌಕ. ಅಂಚಿನವಕ್ಕೆ ದಂಡೆಯ ಹುಲ್ಲು ಬೆರೆಯುತ್ತದೆ, ಅವನ್ನು ಬಿಟ್ಟರೆ ಅರ್ಧವೂ ಉಳಿಯುವುದಿಲ್ಲ. ಅರ್ಧ ಎಕರೆ ಹೊಂಡದವರಿಗೆ ಇದು ಬೇಡ. ನೀರಿನೊಳಗಿನ ಆಮ್ಲಜನಕ ಉಪಗ್ರಹಕ್ಕೆ ಕಾಣದು, ಅದಕ್ಕೆ ನೀರು ಪರೀಕ್ಷೆಯ ಕಿಟ್ ಬೇಕೇ ಬೇಕು. ಮಳೆಗಾಲದಲ್ಲಂತೂ ವಾರಗಟ್ಟಲೆ ಮೋಡವೇ ಮೋಡ. ಆಗ ಹಳೇ ಪದ್ಧತಿಯೇ ಗತಿ: ಮೊಣಕೈವರೆಗೆ ಕೈ ಇಳಿಸುವುದು. ಅಂಗೈ ಕಾಣದಷ್ಟು ಹಸಿರಾಗಿದ್ದರೆ ಪಾಚಿ ಮಿತಿ ಮೀರಿದೆ ಅಂತ ಅರ್ಥ.

ನಾಲ್ಕು ನಕ್ಷತ್ರ ಕೊಡುತ್ತೇನೆ. ಮೊನ್ನೆಯ ಚಿತ್ರದಲ್ಲಿ ತೂಬಿನ ಕಡೆಯ ಮೂಲೆ ಸ್ವಲ್ಪ ಏರಿದೆ. ಇವತ್ತು ಮೇವು ಹಾಕಿಲ್ಲ.