ಸುಬಾರು ಬಾಹಾ ಮತ್ತೆ ಬರಲಿ, ಆದರೆ ಹಳೇ ಅಳತೆಯಲ್ಲಿ ಬೇಡ

ಸುಬಾರು ಕಂಪನಿ ಬಾಹಾ ಅನ್ನುವ ತನ್ನ ಹಳೇ ಪಿಕಪ್ ಗಾಡಿಯನ್ನು ಮತ್ತೆ ತರಬೇಕೇ ಅಂತ ಯಾರಾದರೂ ಕೇಳಿದರೆ ನಾನು ತರಲಿ ಅನ್ನುವವನು. 2003ರ ಹಳದಿ ಗಾಡಿಯೊಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡು ಓಡಿಸುತ್ತಿದ್ದೇನೆ. ನಾವಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಲಫಾಯೆಟ್‌ನಲ್ಲಿ, ಬಾಹಾ ಹುಟ್ಟಿದ್ದೂ ಇದೇ ಊರಿನ ಕಾರ್ಖಾನೆಯಲ್ಲಿ. 2002ರಲ್ಲಿ ತಯಾರಿಕೆ ಶುರುವಾಗಿ 2006ಕ್ಕೆ ಕಂಪನಿ ಎಳ್ಳುನೀರು ಬಿಟ್ಟಿತು. ವರ್ಷಕ್ಕೆ 24,000 ಮಾರಬಹುದು ಅಂತ ಲೆಕ್ಕ ಹಾಕಿದ್ದರು, ಅಷ್ಟೂ ವರ್ಷ ಸೇರಿ ಹೋಗಿದ್ದು ಸುಮಾರು 30,000 ಅಷ್ಟೇ.

ಗೊತ್ತಿಲ್ಲದವರಿಗೆ: ಇದು ಸುಬಾರುವಿನದೇ ಲೆಗಸಿ ಮತ್ತು ಔಟ್‌ಬ್ಯಾಕ್ ಕಾರುಗಳ ಅಡಿಪಾಯದ ಮೇಲೆ ಕಟ್ಟಿದ ಪಿಕಪ್. ನಾಲ್ಕು ಬಾಗಿಲು, ಹಿಂದೆ ತೆರೆದ ತೊಟ್ಟಿ. 2.5 ಲೀಟರಿನ ಬಾಕ್ಸರ್ ಎಂಜಿನ್ (ಸಿಲಿಂಡರುಗಳು ಎದುರುಬದುರಾಗಿ ಮಲಗಿರುವಂಥದ್ದು), 165 ಅಶ್ವಶಕ್ತಿ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುತ್ತದೆ. ಟರ್ಬೊ ಬೇಕೆನ್ನುವವರಿಗೆ 2004ರಿಂದ 210 ಅಶ್ವಶಕ್ತಿಯದ್ದೂ ಸಿಕ್ಕಿತು. ಓಡಿಸುವಾಗ ಟ್ರಕ್ ಅನ್ನಿಸುವುದೇ ಇಲ್ಲ. ಜನವರಿಯ ಹಿಮದಲ್ಲಿ ದೊಡ್ಡ ಪಿಕಪ್‌ಗಳು ಖಾಲಿ ತೊಟ್ಟಿ ಹೊತ್ತು ಹಿಂಭಾಗ ಕುಣಿಸುತ್ತಾ ಹೋಗುವ ರಸ್ತೆಯಲ್ಲಿ ಇದು ನೆಲ ಕಚ್ಚಿಕೊಂಡು ಹೋಗುತ್ತದೆ. ಎತ್ತರವೂ ಕಡಿಮೆ, ಗೊಬ್ಬರದ ಚೀಲವನ್ನು ಸೊಂಟದ ಮಟ್ಟದಲ್ಲೇ ಒಳಗೆ ತಳ್ಳಬಹುದು.

ತೊಟ್ಟಿಯ ನಿಜವಾದ ಸುಖ ನನಗೆ ಗೊತ್ತಾದದ್ದು ರಾಜ್ಯೋತ್ಸವದ ಅಡುಗೆ ಸಾಗಿಸಿದಾಗ. ಬಿಸಿಬೇಳೆಬಾತಿನ ದಬರಿಯನ್ನು ಕಾರಿನ ಡಿಕ್ಕಿಯಲ್ಲಿಟ್ಟು ತಂದವರಿಗೆ ಇದು ಅರ್ಥವಾಗುತ್ತದೆ. ಒಂದು ತಿರುವಿನಲ್ಲಿ ಮುಚ್ಚಳ ಸರಿದರೆ ಸಾಕು, ಕಾರ್ಪೆಟ್ಟಿನ ಇಂಗಿನ ವಾಸನೆ ಯುಗಾದಿ ಬಂದರೂ ಹೋಗುವುದಿಲ್ಲ. ಬಾಹಾದಲ್ಲಿ ಚೆಲ್ಲಿದರೆ ಪೈಪ್ ಹಿಡಿದು ತೊಳೆದರಾಯಿತು.

ಇನ್ನು ಅಳತೆ. ತೊಟ್ಟಿಯ ಉದ್ದ 41.5 ಇಂಚು, ಅಂದರೆ ಮೂರೂವರೆ ಅಡಿಯೂ ತುಂಬುವುದಿಲ್ಲ. ಇಲ್ಲಿನ ಮರದಂಗಡಿಯಲ್ಲಿ ಪ್ಲೈವುಡ್ ಹಾಳೆ ಬರುವುದು ನಾಲ್ಕಡಿಗೆ ಎಂಟಡಿ. ಅದಕ್ಕೆ ಕಂಪನಿಯವರು ಕಂಡುಕೊಂಡ ಉಪಾಯ ಹಿಂದಿನ ಸೀಟು ಮಡಚಿ, ಅದರ ಬೆನ್ನಿನ ಹಿಂದಿರುವ ಪುಟ್ಟ ಬಾಗಿಲು ತೆಗೆದು ಉದ್ದ ಸಾಮಾನನ್ನು ಕ್ಯಾಬಿನ್ ಒಳಕ್ಕೆ ತೂರಿಸುವುದು. ಜಾಣತನವೇ, ಅರ್ಧ ಮಾತ್ರ. ಮೇಲಿನ ಗಾಜು ಇದ್ದಲ್ಲೇ ಇರುತ್ತದೆ, ಬಾಗಿಲಿನ ಅಗಲವೂ ಸಾಲದು. ಹೀರೆ ಚಪ್ಪರಕ್ಕೆ ಬೇಕಾದ ಉದ್ದನೆಯ ರೀಪರುಗಳು ಸಲೀಸಾಗಿ ತೂರುತ್ತವೆ, ಪ್ಲೈವುಡ್ ತೂರುವುದಿಲ್ಲ. ಸೀಟು ಮಡಚಿದ ಮೇಲೆ ಹಿಂದೆ ಕೂರುವವರು ಮನೆಯಲ್ಲೇ ಉಳಿಯಬೇಕು, ಅದು ಬೇರೆ ಮಾತು.

ಹಾಗಂತ ಮಡಚದಿದ್ದರೂ ಹಿಂದೆ ಇಬ್ಬರಿಗಷ್ಟೇ ಜಾಗ. ಅರಸೀಕೆರೆಯಿಂದ ಅಪ್ಪ ಅಮ್ಮ ಬಂದಾಗ ಅಮ್ಮ ಗಾಡಿಯನ್ನು ಒಂದು ಸುತ್ತು ಹಾಕಿ, “ಏನಪ್ಪಾ ಇದು, ಕಾರೋ ಲಗೇಜ್ ಆಟೋನೋ? ಮಕ್ಕಳನ್ನ ಎಲ್ಲಿ ಕೂರಿಸ್ತೀಯಾ?” ಅಂದರು. ಸುಬಾರು ಎಂಜಿನಿಯರುಗಳನ್ನು ಯಾರಾದರೂ ಮೊದಲೇ ಹೀಗೆ ಕೇಳಬೇಕಿತ್ತು. ಹೊಸದಾಗಿ ಬಂದಾಗ ಇದರ ಬೆಲೆ ಸುಮಾರು 24,000 ಡಾಲರ್. ಅಷ್ಟು ಕೊಟ್ಟು ನಾಲ್ಕೇ ಸೀಟು, ಮೂರೂವರೆ ಅಡಿ ತೊಟ್ಟಿ ಅಂದರೆ ಕಾರು ಬೇಕಾದವರೂ ಹಿಂದೆ ಸರಿದರು, ಟ್ರಕ್ ಬೇಕಾದವರೂ ಸರಿದರು.

ಇಂಥ ಗಾಡಿಗೆ ಗಿರಾಕಿಯೇ ಇಲ್ಲ ಅನ್ನುವ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಫೋರ್ಡ್ 2021ರಲ್ಲಿ ಮೇವರಿಕ್ ಅನ್ನುವ ಪುಟ್ಟ ಪಿಕಪ್ ತಂದಾಗ ಐದು ಸೀಟು, ನಾಲ್ಕೂವರೆ ಅಡಿ ತೊಟ್ಟಿ, ಹೈಬ್ರಿಡ್ ಎಂಜಿನ್ ಎಲ್ಲ ಸೇರಿ 19,995 ಡಾಲರಿನಿಂದ ಶುರುವಿತ್ತು. ಜನ ಮುಗಿಬಿದ್ದರು, ಬುಕ್ ಮಾಡಿದವರು ತಿಂಗಳುಗಟ್ಟಲೆ ಕಾದರು. ಆಮೇಲೆ ಫೋರ್ಡ್ ಬೆಲೆ ಏರಿಸುತ್ತಲೇ ಹೋಯಿತು. ಸುಬಾರು ನುಗ್ಗಬೇಕಾದ ಸಂದು ಅದೇ.

ಜಪಾನಿನಿಂದ ತರಿಸಿ ಮಾರುವ ಯೋಚನೆ ಬೇಡ. ಹೊರದೇಶದ ಪಿಕಪ್‌ಗಳ ಮೇಲೆ ಅಮೆರಿಕ 1964ರಲ್ಲಿ ಹಾಕಿದ 25% ಸುಂಕ ಇನ್ನೂ ಇದೆ. ಕೋಳಿ ವ್ಯಾಪಾರದಲ್ಲಿ ಯುರೋಪಿನ ಜೊತೆ ಜಗಳವಾಡಿ ಹಾಕಿದ್ದು, ಹಾಗಾಗಿ ಇವತ್ತಿಗೂ ಅದರ ಹೆಸರು ಕೋಳಿ ಸುಂಕ. ಅದನ್ನು ತಪ್ಪಿಸಲು ಸುಬಾರು 1978ರಲ್ಲಿ ಬ್ರ್ಯಾಟ್ ಅನ್ನುವ ಪುಟ್ಟ ಪಿಕಪ್ಪಿನ ತೊಟ್ಟಿಯಲ್ಲೇ ಎರಡು ಪ್ಲಾಸ್ಟಿಕ್ ಸೀಟು ಜಡಿದು, ಇದು ಪ್ರಯಾಣಿಕರ ಕಾರು ಸ್ವಾಮಿ ಅಂತ ಸಾಧಿಸಿತು! ಅಮೆರಿಕದ ಅಧ್ಯಕ್ಷರಾಗಿದ್ದ ರೊನಾಲ್ಡ್ ರೇಗನ್ ತಮ್ಮ ತೋಟದಲ್ಲಿ ಅಂಥದ್ದೊಂದನ್ನು ಇಟ್ಟುಕೊಂಡಿದ್ದರು. ಈಗ ಆ ಆಟ ನಡೆಯುವುದಿಲ್ಲ, ನಡೆಯಬೇಕಾಗಿಯೂ ಇಲ್ಲ. ಸುಬಾರುವಿನ ಫಾರೆಸ್ಟರ್, ಕ್ರಾಸ್‌ಟ್ರೆಕ್ ಕಾರುಗಳೆರಡೂ ಲಫಾಯೆಟ್‌ನಲ್ಲೇ ತಯಾರಾಗುತ್ತಿವೆ. ಫಾರೆಸ್ಟರಿನ ಹೈಬ್ರಿಡ್ ಅಡಿಪಾಯ ತಗೊಂಡು, ನಾಲ್ಕೂವರೆ ಅಡಿ ತೊಟ್ಟಿ ಇಟ್ಟು, ಹಿಂದಿನ ಗಾಜಿನ ಸಮೇತ ಇಡೀ ಗೋಡೆ ಕೆಳಗೆ ಮಡಚುವ ಹಾಗೆ ಮಾಡಿದರೆ ನಾನಂತೂ ಮುಂಗಡ ಕೊಡಲು ಸಿದ್ಧ. ಹಳೇ ಬಾಹಾದ ಅಕ್ಕಪಕ್ಕದ ಬೂದು ಪ್ಲಾಸ್ಟಿಕ್ ಹೊದಿಕೆ ಮಾತ್ರ ದಯವಿಟ್ಟು ಬೇಡ.

ಅಲ್ಲಿಯವರೆಗೆ ಹಳೇ ಬಾಹಾ ಹುಡುಕುವವರಿಗೆ: ಹಿಂಚಕ್ರದ ಕಮಾನಿನಲ್ಲಿ ತುಕ್ಕಿದೆಯಾ ಅಂತ ಬಗ್ಗಿ ನೋಡಿ. ಆ ಕಾಲದ 2.5 ಎಂಜಿನ್ನುಗಳಲ್ಲಿ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಎರಡು ಭಾಗಗಳ ನಡುವಿನ ಸೀಲು) ಸೋರುವ ದೂರು ಹಳೆಯದು, ಬದಲಾಯಿಸಿದ್ದರೆ ಬಿಲ್ ಕೇಳಿ. ಎಂಜಿನ್ನಿನ ಟೈಮಿಂಗ್ ಬೆಲ್ಟ್ ಬದಲಾಯಿಸುವ ಗಡುವು 1,05,000 ಮೈಲಿ. ಅದನ್ನು ಹಾಕಿಸಿದ ದಾಖಲೆ ಇಲ್ಲದಿದ್ದರೆ ಆ ಖರ್ಚನ್ನು ಬೆಲೆಯಲ್ಲೇ ಕಳೆಯಲು ಹೇಳಿ.